ತಾತನ ಡಬ್ಬಿಯ ಬ್ರಿಟಿಷ್ ಪೆನ್ನಿಗಳು: ಅಚ್ಚಿನ ವ್ಯತ್ಯಾಸ ಹಿಡಿಯುವುದು ಹೇಗೆ?

ಹಾಸನದಿಂದ, ಪ್ರಶ್ನೆ:
ನಮ್ಮ ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯಲ್ಲಿದ್ದವರು. ಅವರ ಟ್ರಂಕಿನಲ್ಲಿದ್ದ ಬಿಸ್ಕತ್ ಡಬ್ಬಿಯಲ್ಲಿ ಬ್ರಿಟಿಷ್ ಕಂಚಿನ ನಾಣ್ಯಗಳು ಸಿಕ್ಕಿವೆ. ಪೆನ್ನಿ 31, ಹಾಫ್‌ಪೆನ್ನಿ 9, ಫಾರ್ದಿಂಗ್ (ಕಾಲು ಪೆನ್ನಿ) 4. ಇಸವಿ 1860ರಿಂದ 1936ರ ತನಕ. ಒಂದೇ ಇಸವಿಯಲ್ಲೂ ಅಚ್ಚು ಬೇರೆ ಬೇರೆ ಇರುತ್ತದೆ, ಕೆಲವು ತುಂಬಾ ಅಪರೂಪ ಎಂದು ಕೇಳಿದೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ. ಎಲ್ಲಿಂದ ಶುರು ಮಾಡಲಿ? ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಕ್ಷರ ಚೆನ್ನಾಗಿ ಕಾಣುತ್ತವೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಬರ್ಮಿಂಗ್‌ಹ್ಯಾಮ್‌ನಿಂದ:
ಮೊದಲು ಆ ಹುಣಸೆಹಣ್ಣನ್ನು ಅಡುಗೆಮನೆಗೆ ವಾಪಸ್ ಕಳಿಸಿ ಸರ್. ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಹುಳಿ ತಾಗಿದ ಕಂಚು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿಕ್ಕಿದರೆ ಸಣ್ಣ ಗೆರೆಗಳು ಸವೆದುಹೋಗುತ್ತವೆ. ನಾವು ಹುಡುಕುವುದೇ ಆ ಗೆರೆಗಳನ್ನು. ನಿಮ್ಮ ಫಾರ್ದಿಂಗ್‌ಗಳಲ್ಲಿ ಯಾವುದಾದರೂ ಕಪ್ಪಗಿದ್ದರೆ ಇಸವಿ ನೋಡಿ. 1897ರಿಂದ 1918ರವರೆಗೆ ಫಾರ್ದಿಂಗ್‌ಗಳನ್ನು ಟಂಕಸಾಲೆಯಲ್ಲೇ ಬೇಕೆಂದು ಕಪ್ಪು ಮಾಡುತ್ತಿದ್ದರು. ಹೊಸ ಫಾರ್ದಿಂಗ್ ಫಳಫಳ ಹೊಳೆಯುತ್ತಿತ್ತು, ಅಳತೆಯೂ ಹತ್ತಿರ, ಜನ ಅದನ್ನು ಹಾಫ್ ಸಾವರಿನ್ ಎಂಬ ಚಿನ್ನದ ನಾಣ್ಯ ಎಂದು ದಾಟಿಸಬಾರದು ಎಂದು. ಆ ಕಪ್ಪು ಕೊಳೆಯಲ್ಲ, ನಾಣ್ಯದ ಭಾಗವೇ.

ನಾನು ಈ ಊರಿಗೆ ಬಂದು 14 ವರ್ಷ ಆಯಿತು. ಭಾನುವಾರ ಬಯಲಲ್ಲಿ ಕಾರಿನ ಡಿಕ್ಕಿ ತೆಗೆದು ಹಳೇ ಸಾಮಾನು ಮಾರುತ್ತಾರೆ. ಅಲ್ಲಿ ಚೀಲದಲ್ಲಿ ಸಿಗುವ ಪೆನ್ನಿಗಳನ್ನು ನೋಡಿ ನೋಡಿ ಕಲಿತೆ. ಮೊದಲ ಒಂದು ವರ್ಷ ಕಂಡ ಕಂಡ ಗೀರನ್ನೆಲ್ಲ 'ಹೊಸ ಅಚ್ಚು' ಎಂದುಕೊಂಡು ತೆಗೆದಿಟ್ಟೆ. ಕಣ್ಣು ತೆರೆಸಿದ್ದು ಸಂಕ್ರಾಂತಿಯ ಸಕ್ಕರೆ ಅಚ್ಚು. ಮರದ ಅಚ್ಚಿನಲ್ಲಿ ಒಂದು ಚೂರು ಕಿತ್ತುಹೋಗಿದ್ದರೆ, ಅದರಲ್ಲಿ ಎರೆದ ಪ್ರತಿ ಗಿಣಿಯ ಮೇಲೂ ಅದೇ ಜಾಗದಲ್ಲಿ ಒಂದು ಉಬ್ಬು ಬರುತ್ತದೆ. ಗಿಣಿ ಕೈಜಾರಿ ಬಿದ್ದು ಮೂಗು ಮುರಿದರೆ ಅದೊಂದೇ ಗಿಣಿ ಕೆಡುತ್ತದೆ. ನಾಣ್ಯದಲ್ಲೂ ಹಾಗೇ. ಉಬ್ಬಿದ ಗೆರೆ ಅಥವಾ ಚುಕ್ಕೆ ಇದ್ದರೆ ಅಚ್ಚಿನದ್ದಿರಬಹುದು. ತಗ್ಗು, ಗೀರು, ಕಚ್ಚು ಇದ್ದರೆ ಬಹುಪಾಲು ಆಮೇಲೆ ಆದದ್ದು. ಅಕ್ಷರ ಅರ್ಧ ಮಾಯವಾಗಿದ್ದರೂ ಹಿಗ್ಗಬೇಡಿ. ಅಚ್ಚಿನ ಗುಳಿಯಲ್ಲಿ ಜಿಡ್ಡು ಕೂತರೆ ಹಾಗಾಗುತ್ತದೆ.

ಇನ್ನು ಗುಂಪು ಮಾಡುವುದು. ಬ್ರಿಟನ್ನಿನಲ್ಲಿ ತಾಮ್ರ ಬಿಟ್ಟು ಕಂಚಿಗೆ ಬಂದದ್ದು 1860ರಲ್ಲಿ. ನೂರಕ್ಕೆ 95 ಪಾಲು ತಾಮ್ರ, 4 ತವರ, 1 ಸತು. ಪೆನ್ನಿಯ ತೂಕ 9.45 ಗ್ರಾಂ. 1894ರ ತನಕ ರಾಣಿ ವಿಕ್ಟೋರಿಯಾಳಿಗೆ ತುರುಬು ಇದೆ. ಹಿಂದಿನ ಕಡೆ ತ್ರಿಶೂಲ ಹಿಡಿದು ಕೂತ ಹೆಂಗಸು ಬ್ರಿಟಾನಿಯಾ, ಬ್ರಿಟನ್ ದೇಶದ ಸಂಕೇತ. ಅವಳ ಎಡಕ್ಕೆ ದೀಪಸ್ತಂಭ, ಬಲಕ್ಕೆ ಹಡಗು. 1895ರಿಂದ ಮುಸುಕು ಹೊದ್ದ ವಯಸ್ಸಾದ ರಾಣಿ. ದೀಪಸ್ತಂಭವೂ ಇಲ್ಲ, ಹಡಗೂ ಇಲ್ಲ. ಮೊದಲು ಹೀಗೆ ಬೇರೆ ಮಾಡಿ, ಆಮೇಲೆ ಇಸವಿವಾರು ಜೋಡಿಸಿ. ಒಂದೇ ಇಸವಿಯ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ ಮಾತ್ರ ಕಣ್ಣಿಗೆ ವ್ಯತ್ಯಾಸ ಹೊಳೆಯುತ್ತದೆ. ಒಂಟಿ ನಾಣ್ಯವನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಗೊತ್ತಾಗುವುದಿಲ್ಲ.

ನಿಮ್ಮ 1860ರ ಪೆನ್ನಿಯ ಅಂಚು ನೋಡಿ. ಸುತ್ತಲೂ ದುಂಡನೆಯ ಮಣಿ ಸಾಲಿದೆಯಾ, ಅಥವಾ ಬಾಚಣಿಗೆಯಂಥ ಉದ್ದ ಹಲ್ಲುಗಳಾ? ಆ ವರ್ಷ ಎರಡೂ ಅಚ್ಚಾದವು. ಒಂದು ಮುಖ ಮಣಿ, ಇನ್ನೊಂದು ಮುಖ ಹಲ್ಲು ಇದ್ದರೆ ಅದು ಬಲು ಅಪರೂಪ. ಅದಕ್ಕೇ ಎರಡೂ ಮುಖ ನೋಡದೆ ಪಕ್ಕಕ್ಕಿಡಬೇಡಿ.

1874ರಿಂದ 1882ರ ನಡುವಿನವು ಇದ್ದರೆ ಇಸವಿಯ ಕೆಳಗೆ ಪುಟ್ಟ 'ಎಚ್' ಇದೆಯಾ ಹುಡುಕಿ. ಲಂಡನ್ ಟಂಕಸಾಲೆಗೆ ಕೆಲಸ ಸಾಗದಾಗ ನಮ್ಮ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಕಂಪನಿ ಅಚ್ಚು ಹಾಕಿಕೊಟ್ಟದ್ದರ ಗುರುತು ಅದು. ಪೆನ್ನಿಯಲ್ಲಿ 1874, 1875, 1876, 1881, 1882ರಲ್ಲಿ ಬರುತ್ತದೆ. 1875ರ ಎಚ್ ಕಡಿಮೆ ಸಿಗುತ್ತದೆ. 1882ರಲ್ಲಿ ಲೆಕ್ಕ ಉಲ್ಟಾ, ಎಚ್ ಇಲ್ಲದ್ದೇ ಅಪರೂಪ. 1912, 1918, 1919ರಲ್ಲಿ ಎಚ್ ಮತ್ತೆ ಬರುತ್ತದೆ, ಈ ಸಲ ಇಸವಿಯ ಎಡಕ್ಕೆ. 1918 ಮತ್ತು 1919ರಲ್ಲಿ ಅದೇ ಜಾಗದಲ್ಲಿ 'ಕೆಎನ್' ಇದ್ದರೆ ಅದು ಕಿಂಗ್ಸ್ ನಾರ್ಟನ್ ಎಂಬ ಇನ್ನೊಂದು ಕಂಪನಿ ಅಚ್ಚು ಹಾಕಿದ್ದು.

ತುರುಬಿನ ಕಾಲದಲ್ಲಿ ಇಸವಿಯ ಅಂಕಿಗಳನ್ನು ಅಚ್ಚಿಗೆ ಕೈಯಿಂದಲೇ ಹೊಡೆಯುತ್ತಿದ್ದರು. ಹಾಗಾಗಿ ಕೆಲವು ಇಸವಿ ಅಗಲ, ಕೆಲವು ಇಕ್ಕಟ್ಟು. 1879ರಲ್ಲಿ ಇಕ್ಕಟ್ಟಿನದು ಕಡಿಮೆ, 1877ರಲ್ಲಂತೂ ಇಕ್ಕಟ್ಟಿನದು ಸಿಗುವುದೇ ಕಷ್ಟ. ಇದಕ್ಕೆ ಸ್ಕೇಲ್ ಬೇಡ. ಮೊದಲ 1 ಯಾವ ಹಲ್ಲಿನ ನೇರಕ್ಕಿದೆ, ಕೊನೆಯ ಅಂಕಿ ಯಾವ ಹಲ್ಲಿನ ನೇರಕ್ಕಿದೆ, ನಡುವೆ ಎಷ್ಟು ಹಲ್ಲು ಎಂದು ಎಣಿಸಿ. ನಾಣ್ಯ ಸವೆದರೂ ಈ ಲೆಕ್ಕ ಬದಲಾಗುವುದಿಲ್ಲ. ನನಗೆ ಇಷ್ಟವಾದ ದಾರಿ ಇದು.

ದಾವಣಗೆರೆಯಿಂದ:
ಮೇಲಿನವರು ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. 1895ರ ಪೆನ್ನಿಯಲ್ಲಿ ತ್ರಿಶೂಲಕ್ಕೂ 'ಪೆನ್ನಿ' ಪದದ ಮೊದಲ ಅಕ್ಷರಕ್ಕೂ ನಡುವಿನ ಅಂತರ ನೋಡಿ. ಸಾಮಾನ್ಯವಾಗಿ 1 ಮಿ.ಮೀ. ಇರುತ್ತದೆ. 2 ಮಿ.ಮೀ. ಇದ್ದರೆ ಜೋಪಾನ, ಅದು ಅಪರೂಪದ್ದು. 1902ರಲ್ಲಿ ಸಮುದ್ರದ ಗೆರೆ ನೋಡಬೇಕು. ಬ್ರಿಟಾನಿಯಾಳ ಕಾಲು ಒಂದರ ಮೇಲೊಂದು ಬರುವ ಜಾಗದ ಮಟ್ಟಕ್ಕೇ ಗೆರೆ ಇದ್ದರೆ ಮಾಮೂಲಿ. ಅದಕ್ಕಿಂತ ಕೆಳಗಿದ್ದರೆ 'ಇಳಿತ'ದ ಪೆನ್ನಿ, ಇಂಗ್ಲಿಷಿನವರು 'ಲೋ ಟೈಡ್' ಅನ್ನುತ್ತಾರೆ.

ಬೆಳಕು ತುಂಬಾ ಮುಖ್ಯ. ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಕಿಟಕಿ ಹತ್ತಿರ ಕೂತು, ಬೆಳಕು ಓರೆಯಾಗಿ ಬೀಳುವಂತೆ ನಾಣ್ಯವನ್ನು ನಿಧಾನ ತಿರುಗಿಸಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು, ಜಾಸ್ತಿ ಬೇಡ. ನೋಡಿದ ಮೇಲೆ ಪಿವಿಸಿ ಕವರಿನಲ್ಲಿ ಹಾಕಿಡಬೇಡಿ, ಹಸಿರು ಹಿಡಿಯುತ್ತದೆ.

ಮೈಸೂರಿನಿಂದ:
ನನ್ನ ಕಹಿ ಅನುಭವ ಹೇಳುತ್ತೇನೆ, ನಿಮಗಾದರೂ ಉಪಯೋಗವಾಗಲಿ. ಎಚ್ ಇಲ್ಲದ 1882 ಎಂದು ಒಬ್ಬರು ಮಾರಲು ತಂದರು. ಮೂರು ತಿಂಗಳ ಉಳಿತಾಯ ಕೊಟ್ಟು ತಗೊಂಡೆ. ಮನೆಯಲ್ಲಿ ಓರೆ ಬೆಳಕಿನಲ್ಲಿ ನೋಡಿದರೆ ಇಸವಿಯ ಕೆಳಗೆ ಮಾತ್ರ ಮೇಲ್ಮೈ ನುಣುಪು, ಬಣ್ಣವೂ ಒಂದು ಛಾಯೆ ತೆಳು, ಒಂದೇ ದಿಕ್ಕಿಗೆ ಕೂದಲಿನಂಥ ಗೀರುಗಳು. ಎಚ್ ಅನ್ನು ಯಾರೋ ಅರದಿಂದ ತೆಗೆದಿದ್ದರು. ಅಂದಿನಿಂದ 'ಇಲ್ಲದ್ದು' ಅಪರೂಪ ಎನ್ನುವ ನಾಣ್ಯ ಬಂದರೆ, ಆ ಖಾಲಿ ಜಾಗವನ್ನೇ ಮೊದಲು ನೋಡುತ್ತೇನೆ.

ಹಾಸನದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಕಿಟಕಿ ಹತ್ತಿರ ಕೂತು ನೋಡಿದೆ. 1860ರದ್ದು ಎರಡೂ ಕಡೆ ಹಲ್ಲು. 1881ರದ್ದರಲ್ಲಿ ಎಚ್ ಇದೆ, ಇಷ್ಟು ದಿನ ಅದನ್ನು ಮಣ್ಣಿನ ಚುಕ್ಕೆ ಎಂದುಕೊಂಡಿದ್ದೆ. 1902ರವು ಎರಡಿವೆ. ಒಂದರಲ್ಲಿ ಗೆರೆ ಕಾಲು ಸೇರುವ ಮಟ್ಟಕ್ಕಿದೆ. ಇನ್ನೊಂದರಲ್ಲಿ ಸ್ವಲ್ಪ ಕೆಳಗೆ ಕಾಣುತ್ತಿದೆ. ಅಮ್ಮನಿಗೂ ತೋರಿಸಿದೆ, ಅವರೂ ಕೆಳಗೇ ಎಂದರು. ಆದರೆ ಆ ನಾಣ್ಯ ಸವೆದಿದೆ. ಸವೆತದಿಂದ ಹಾಗೆ ಕಾಣಬಹುದಾ?

ಬರ್ಮಿಂಗ್‌ಹ್ಯಾಮ್‌ನಿಂದ:
ಸವೆದರೆ ಗೆರೆ ಮಸುಕಾಗುತ್ತದೆ ಸರ್, ಜಾಗ ಬದಲಿಸುವುದಿಲ್ಲ. ಎರಡನ್ನೂ ಒಂದೇ ಬೆಳಕಲ್ಲಿ, ಒಂದೇ ದೂರದಿಂದ ಫೋಟೋ ತೆಗೆಯಿರಿ. ಬ್ರಿಟಾನಿಯಾಳ ಎಡಕ್ಕೂ ಬಲಕ್ಕೂ ಕಾಣುವ ಗೆರೆಯ ತುದಿಗಳನ್ನು ಫೋನಿನಲ್ಲೇ ಒಂದು ನೇರ ಗೀಟಿನಿಂದ ಸೇರಿಸಿ. ಆ ಗೀಟು ಕಾಲಿನ ಮೇಲೆ ಎಲ್ಲಿ ಹಾದುಹೋಗುತ್ತದೆ ನೋಡಿ, ಫೋಟೋ ಇಲ್ಲಿ ಹಾಕಿ. ಅಮ್ಮನ ಕಣ್ಣು ಸರಿಯಾಗಿಯೇ ಇದೆ ಅನ್ನಿಸುತ್ತಿದೆ ನನಗೆ.