ಕೆನಡಾಕ್ಕೆ ಹೊಸ ಕೆಮಿಕಲ್ ಕಳಿಸುವಾಗ ಆ "60 ದಿನ" ಯಾವತ್ತಿನಿಂದ ಲೆಕ್ಕ?

ಪೀಣ್ಯ_ರಫ್ತುಡೆಸ್ಕ್

ನಮ್ಮಲ್ಲಿ ತಯಾರಾಗುವ ಒಂದು ಕ್ಯಾಟಯಾನಿಕ್ ಸರ್ಫ್ಯಾಕ್ಟಂಟ್‌ಗೆ, ಅಂದರೆ ಬಟ್ಟೆ ಮೆದುಗೊಳಿಸುವ ಲಿಕ್ವಿಡ್‌ಗೆ ಹಾಕುವ ಕ್ವಾಟ್‌ಗೆ (ಕ್ವಾಟರ್ನರಿ ಅಮೋನಿಯಂ ಸಂಯುಕ್ತಕ್ಕೆ), ಕೆನಡಾದ ಗ್ರಾಹಕರಿಂದ ಬೇಡಿಕೆ ಬಂದಿದೆ. ನೀರಿನಲ್ಲಿ ಶೇ. 40ರ ದ್ರಾವಣವಾಗಿ ಡ್ರಮ್‌ನಲ್ಲಿ ಹೋಗುತ್ತದೆ. ಮೊದಲ ವರ್ಷ 2 ಟನ್, ಎರಡನೇ ವರ್ಷ 15 ಟನ್ ಕೇಳುತ್ತಿದ್ದಾರೆ. ಅಲ್ಲಿ ಈಗಾಗಲೇ ಬಳಕೆಯಲ್ಲಿರುವ ಪದಾರ್ಥಗಳ ಪಟ್ಟಿಯಾದ ಡಿಎಸ್‌ಎಲ್‌ನಲ್ಲಿ ಇದರ ಕ್ಯಾಸ್ ನಂಬರ್ (ರಾಸಾಯನಿಕದ ಗುರುತು ಸಂಖ್ಯೆ) ಇಲ್ಲ, ಹೊರದೇಶಗಳಲ್ಲಿ ಬಳಕೆಯಲ್ಲಿರುವವುಗಳ ಪಟ್ಟಿಯಾದ ಎನ್‌ಡಿಎಸ್‌ಎಲ್‌ನಲ್ಲೂ ಇಲ್ಲ. 60 ದಿನದಲ್ಲಿ ಕೆಲಸ ಆಗುತ್ತೆ ಅಂತ ಗ್ರಾಹಕರು ಹೇಳುತ್ತಾರೆ. ಇದು ನಮ್ಮ ಸಕಾಲದ ಹಾಗೆ ಇಲಾಖೆ ಕೊಟ್ಟ ಭರವಸೆಯೋ, ಕಾನೂನಿನ ಗಡುವೋ? ಯಾವ ದಿನದಿಂದ ಎಣಿಸಬೇಕು?

ಇನ್ನೊಂದು ವಿಷಯ. ಜೀನ್ ಮಾರ್ಪಡಿಸಿದ ಬ್ಯಾಸಿಲಸ್‌ನಿಂದ ತೆಗೆದ ಡಿಟರ್ಜೆಂಟ್ ಎನ್ಜೈಮ್ ಸಹ ಅವರಿಗೆ ಬೇಕಂತೆ. ಅದು ಕೆಮಿಕಲ್ ಲೆಕ್ಕಕ್ಕೆ ಬರುತ್ತದೆಯೋ, ಬಯೊಟೆಕ್ ಲೆಕ್ಕಕ್ಕೋ?

ನಿಯಮನೋಟ

ಮೊದಲು ನಿಮ್ಮ ಟನ್ನಿನ ಲೆಕ್ಕ ಸರಿ ಮಾಡಿಕೊಳ್ಳೋಣ, ದುಡ್ಡು ಉಳಿಯುವುದೇ ಅಲ್ಲಿ. ಹೊಸ ಪದಾರ್ಥ ಎಷ್ಟು ಅನ್ನುವುದನ್ನಷ್ಟೇ ಎಣಿಸಬೇಕು, ಡ್ರಮ್ಮಿನ ತೂಕ ಅಲ್ಲ. ಶೇ. 40ರ ದ್ರಾವಣ 2 ಟನ್ ಅಂದರೆ 800 ಕೆಜಿ, 15 ಟನ್ ಅಂದರೆ 6,000 ಕೆಜಿ. ಎನ್‌ಡಿಎಸ್‌ಎಲ್‌ನಲ್ಲೂ ಇಲ್ಲದ ಕೆಮಿಕಲ್‌ಗೆ ಮೂರು ಮೆಟ್ಟಿಲು: ಒಂದು ಕ್ಯಾಲೆಂಡರ್ ವರ್ಷದಲ್ಲಿ 100 ಕೆಜಿ ದಾಟುವ ಮೊದಲು ಶೆಡ್ಯೂಲ್ 4 (ಕೊಡಬೇಕಾದ ಮಾಹಿತಿಯ ಪಟ್ಟಿ), ಪರಿಶೀಲನೆಯ ಅವಧಿ 5 ದಿನ. 1,000 ಕೆಜಿ ದಾಟುವ ಮೊದಲು ಶೆಡ್ಯೂಲ್ 5, ಅವಧಿ 60 ದಿನ. 10,000 ಕೆಜಿ ದಾಟುವ ಮೊದಲು ಶೆಡ್ಯೂಲ್ 6, ಅವಧಿ 75 ದಿನ. ಡ್ರಮ್ಮಿನ 15 ಟನ್ ನೋಡಿಕೊಂಡು ಶೆಡ್ಯೂಲ್ 6ಕ್ಕೆ ಹೊರಟಿದ್ದರೆ 28 ದಿನದ ಪುನರಾವರ್ತಿತ ಡೋಸ್ ಟೆಸ್ಟ್ ಸೇರಿ ಬೇಡದ ಖರ್ಚು ಮೈಮೇಲೆ ಬರುತ್ತಿತ್ತು. ನಿಮಗೆ ಈಗ 4 ಸಾಕು, ಮುಂದಿನ ವರ್ಷಕ್ಕೆ 5.

ಅವಧಿ ಕಾನೂನಿನದೇ. 1999ರ ಕೆನಡಾ ಪರಿಸರ ಸಂರಕ್ಷಣಾ ಕಾಯ್ದೆಯ 81ನೇ ಸೆಕ್ಷನ್ ಪ್ರಕಾರ ಮಾಹಿತಿ ಕೊಟ್ಟು, ಪರಿಶೀಲನೆಯ ಅವಧಿ ಮುಗಿಯುವ ತನಕ ಆ ಪದಾರ್ಥವನ್ನು ಆಮದು ಮಾಡುವ ಹಾಗಿಲ್ಲ. ಪರಿಸರ ಇಲಾಖೆ ಮತ್ತು ಆರೋಗ್ಯ ಇಲಾಖೆ ಎರಡೂ ಸೇರಿ ನೋಡುತ್ತವೆ. ಅವಧಿ ಮುಗಿದರೂ ಅವರು ಏನೂ ಹೇಳದಿದ್ದರೆ ಸರಕು ಇಳಿಸಬಹುದು. ಪ್ರತ್ಯೇಕ ಲೈಸೆನ್ಸ್ ಅಂತ ಕೊಡುವುದಿಲ್ಲ. ಸಕಾಲದಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಇಲ್ಲಿ ಗಡುವು ಮೀರಿದರೆ ತಡೆಯುವ ಅವಕಾಶವೇ ಇಲಾಖೆಯ ಕೈತಪ್ಪುತ್ತದೆ. ಹಾಗಾಗಿ ಅವರು ಗಡುವು ತಪ್ಪಿಸುವುದು ಅಪರೂಪ, ಬದಲಿಗೆ ಅವಧಿಯನ್ನು ವಿಸ್ತರಿಸುತ್ತಾರೆ. 83ನೇ ಸೆಕ್ಷನ್ ಅಡಿ ಇನ್ನೊಂದು ಅಷ್ಟೇ ದಿನದವರೆಗೆ ಹಿಗ್ಗಿಸಬಹುದು. ಅಂದರೆ 60 ಅನ್ನುವುದು 120 ಆಗಬಹುದು. ಗ್ರಾಹಕರೊಡನೆ ಒಪ್ಪಂದ ಬರೆಯುವಾಗ 120ನ್ನೇ ಹಿಡಿದು ಬರೆಯಿರಿ.

ಗಡಿಯಾರ ಶುರುವಾಗುವುದು ಪೂರ್ಣ ಪ್ಯಾಕೇಜ್ ಅವರ ಕೈ ಸೇರಿದ ದಿನದಿಂದ. ಪೂರ್ಣ ಅನ್ನುವ ಮಾತಿನಲ್ಲೇ ಎಲ್ಲಾ ಇದೆ. ಶೆಡ್ಯೂಲ್ 5ಕ್ಕೆ ಒಂದು ಟೆಸ್ಟ್ ರಿಪೋರ್ಟ್ ಇಲ್ಲ, ಅದಕ್ಕೆ ವಿನಾಯಿತಿಯನ್ನೂ ಕೇಳಿಲ್ಲ ಅಂದರೆ ದಿನ ಎಣಿಕೆಗೇ ಬರುವುದಿಲ್ಲ. ಪ್ಯಾಕೇಜ್ ಒಪ್ಪಿಕೊಂಡರೆ ಅವಧಿ ಮುಗಿಯುವ ತಾರೀಕು ಬರೆದ ಪತ್ರ ಬರುತ್ತದೆ. ಆ ಪತ್ರ ಕೈಗೆ ಬರುವ ತನಕ ಶಿಪ್‌ಮೆಂಟ್ ಬುಕ್ ಮಾಡಬೇಡಿ.

ಲ್ಯಾಬ್‌ಕೋಟು

ಕ್ವಾಟ್ ಅಂದಿದ್ದಕ್ಕೆ ಇದನ್ನು ಹೇಳಲೇಬೇಕು. ಸಮಯ ಒಟ್ಟಾವಾದಲ್ಲಿ ಅಲ್ಲ, ನಿಮ್ಮ ಟೆಸ್ಟಿಂಗ್ ಲ್ಯಾಬಿನಲ್ಲಿ ಹೋಗುತ್ತದೆ.

ಜೈವಿಕ ವಿಘಟನೆಯ ಟೆಸ್ಟ್, ಅಂದರೆ ಒಇಸಿಡಿ ಸಂಸ್ಥೆಯ 301ನೇ ಟೆಸ್ಟ್ ವಿಧಾನ, 28 ದಿನದ್ದು. 301ಎಫ್‌ನಲ್ಲಿ ಪದಾರ್ಥವನ್ನು ಲೀಟರಿಗೆ 100 ಮಿಲಿಗ್ರಾಂನಷ್ಟು ಹಾಕುತ್ತಾರೆ. ಕ್ಯಾಟಯಾನಿಕ್ ಕ್ವಾಟ್ ಆ ಸಾಂದ್ರತೆಯಲ್ಲಿ ಸ್ಲಡ್ಜ್‌ನ ಬ್ಯಾಕ್ಟೀರಿಯಾವನ್ನೇ ಸಾಯಿಸುತ್ತದೆ. ಆಮೇಲೆ ರಿಪೋರ್ಟಿನಲ್ಲಿ "ವಿಘಟನೆ ಇಲ್ಲ" ಅಂತ ಬರುತ್ತದೆ, ಮೌಲ್ಯಮಾಪಕರು ಅದನ್ನು ಹಾಗೆಯೇ ಓದಿಕೊಳ್ಳುತ್ತಾರೆ. ಇಂಥದ್ದಕ್ಕೆ 301ಡಿ ಮುಚ್ಚಿದ ಬಾಟಲಿ ವಿಧಾನ ಸರಿ, ಲೀಟರಿಗೆ 2ರಿಂದ 10 ಮಿಲಿಗ್ರಾಂ. ಜೊತೆಗೆ ಟಾಕ್ಸಿಸಿಟಿ ಕಂಟ್ರೋಲ್ ಬಾಟಲಿ ಇರಲೇಬೇಕು. ಅದರಲ್ಲಿ ನಿಮ್ಮ ಪದಾರ್ಥದ ಜೊತೆಗೆ ಸುಲಭವಾಗಿ ವಿಘಟನೆಯಾಗುವ ರೆಫರೆನ್ಸ್ ಪದಾರ್ಥವನ್ನೂ ಹಾಕಿರುತ್ತಾರೆ. 14 ದಿನದಲ್ಲಿ ಅಲ್ಲಿ ಶೇ. 25ಕ್ಕಿಂತ ಕಡಿಮೆ ವಿಘಟನೆ ಆಗಿದ್ದರೆ ಬ್ಯಾಕ್ಟೀರಿಯಾಕ್ಕೆ ವಿಷ ತಗುಲಿದೆ ಎಂದರ್ಥ, ಆ ಟೆಸ್ಟನ್ನು ಕಡಿಮೆ ಸಾಂದ್ರತೆಯಲ್ಲಿ ಮತ್ತೆ ಮಾಡಬೇಕು.

ಎರಡನೆಯದು ಆಕ್ಟನಾಲ್-ನೀರಿನ ಹಂಚಿಕೆ ಗುಣಾಂಕ, ಅಂದರೆ ಪದಾರ್ಥ ಕೊಬ್ಬಿನಂಥ ದ್ರವದತ್ತ ಎಷ್ಟು, ನೀರಿನತ್ತ ಎಷ್ಟು ಹೋಗುತ್ತದೆ ಎಂಬ ಅಳತೆ. 107ನೇ ಶೇಕ್ ಫ್ಲಾಸ್ಕ್ ವಿಧಾನ ಸರ್ಫ್ಯಾಕ್ಟಂಟ್‌ಗೆ ಅಲ್ಲ, ಎರಡು ಪದರದ ನಡುವೆ ಎಮಲ್ಷನ್ ಆಗಿ ಬಿಡುತ್ತದೆ. 117ರ ಎಚ್‌ಪಿಎಲ್‌ಸಿ ವಿಧಾನವೂ ಆಗದು. ಟೆಸ್ಟ್ ಮಾಡಿಸಿ ಅರ್ಥವಿಲ್ಲದ ಸಂಖ್ಯೆ ಕಳಿಸುವ ಬದಲು ಕಾರಣ ಬರೆದು ವಿನಾಯಿತಿ ಕೇಳಿ.

ಡಾಫ್ನಿಯಾ (ನೀರುಚಿಗಟ) ಟೆಸ್ಟ್ 48 ಗಂಟೆಯದ್ದು, ಚಿಕ್ಕದು ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ವಾಟ್ ಗಾಜಿನ ಗೋಡೆಗೆ ಅಂಟಿಕೊಳ್ಳುತ್ತದೆ. ಹಾಕಿದ ಪ್ರಮಾಣದ ಮೇಲೆ ಇಸಿ50 (ಅರ್ಧದಷ್ಟು ಡಾಫ್ನಿಯಾಗಳ ಚಲನೆ ನಿಲ್ಲಿಸುವ ಸಾಂದ್ರತೆ) ಲೆಕ್ಕ ಹಾಕಿದರೆ ನೀರಿನಲ್ಲಿ ನಿಜವಾಗಿ ಇದ್ದದ್ದು ಅದಕ್ಕಿಂತ ಕಡಿಮೆ. ಶುರುವಿಗೂ ಕೊನೆಗೂ ಸಾಂದ್ರತೆ ಅಳೆದ ರಿಪೋರ್ಟೇ ಬೇಕು ಅಂತ ಲ್ಯಾಬಿಗೆ ಕೊಡುವ ಪಿಒದಲ್ಲೇ (ಖರೀದಿ ಆದೇಶದಲ್ಲೇ) ಬರೆಯಿರಿ.

ಟೆಸ್ಟ್‌ಗೆ ವಿದೇಶಕ್ಕೆ ಹೋಗಬೇಕಿಲ್ಲ. ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಡೇಟಾ ಪರಸ್ಪರ ಒಪ್ಪುವ ಒಇಸಿಡಿ ವ್ಯವಸ್ಥೆಗೆ ಭಾರತ 2011ರಲ್ಲಿ ಪೂರ್ಣವಾಗಿ ಸೇರಿದೆ. ಲ್ಯಾಬಿನ ಜಿಎಲ್‌ಪಿ ಸರ್ಟಿಫಿಕೇಟಿನಲ್ಲಿ ಆ ಟೆಸ್ಟಿನ ವಿಭಾಗ ಸೇರಿದೆಯೇ ನೋಡಿ. ಟಾಕ್ಸಿಕಾಲಜಿಗೆ ಸರ್ಟಿಫಿಕೇಟ್ ಇದ್ದು ಜಲಜೀವಿ ವಿಭಾಗಕ್ಕೆ ಇಲ್ಲದ ಲ್ಯಾಬ್‌ಗಳೂ ಇರುತ್ತವೆ.

ಗ್ರೇಟ್‌ಲೇಕ್ಸ್

ಎನ್ಜೈಮ್ ಪ್ರಶ್ನೆಗೆ ಉತ್ತರ. ಬಾಟಲಿಯೊಳಗೆ ಜೀವಂತ ಕೋಶ ಉಳಿದಿದೆಯೋ ಇಲ್ಲವೋ, ತೀರ್ಮಾನ ಅದರ ಮೇಲೆ. ಉತ್ಪಾದನಾ ತಳಿಯ ಜೀವಂತ ಕೋಶಗಳು ಇಲ್ಲದಿದ್ದರೆ ಅದು ಬಯೊಕೆಮಿಕಲ್, ಕೆಮಿಕಲ್ ಮತ್ತು ಪಾಲಿಮರ್ ನಿಯಮಕ್ಕೇ ಬರುತ್ತದೆ. ಆದರೆ ತಳಿ ಯಾವುದು, ಎನ್ಜೈಮಿನ ಚಟುವಟಿಕೆ ಏನು ಎಂಬಂಥ ಹೆಚ್ಚುವರಿ ಮಾಹಿತಿ ಕೊಡಬೇಕು. ಜೀವಂತ ಕೋಶ ಉಳಿದಿದ್ದರೆ ಅನ್ವಯಿಸುವುದು ಜೀವಿಗಳಿಗೆ ಇರುವ ಬೇರೆ ನಿಯಮ, ಕಾಯ್ದೆಯ 106ನೇ ಸೆಕ್ಷನ್. ಕೆನಡಾದಲ್ಲಿ ಎಲ್ಲಿ ಬೇಕಾದರೂ ಬಳಸುವ ಸೂಕ್ಷ್ಮಜೀವಿಗೆ 120 ದಿನ. ಜೀವಿಗಳು ಡಿಎಸ್‌ಎಲ್‌ನಲ್ಲಿ ತಳಿ ಮಟ್ಟದಲ್ಲಿ ಇರುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ತಳಿ ಪಟ್ಟಿಯಲ್ಲಿದೆ ಅಂದರೆ ನಿಮ್ಮ ಮಾರ್ಪಡಿಸಿದ ತಳಿಯೂ ಇದೆ ಎಂದಲ್ಲ. ಬ್ಯಾಕ್ಟೀರಿಯಾ ಗುರುತಿಸಲು ಬಳಸುವ 16ಎಸ್ ಜೀನ್ ಸೀಕ್ವೆನ್ಸ್ ಒಂದನ್ನೇ ಕಳಿಸಿದರೆ ಆ ಗುರುತು ಸಾಲದು. ಆ್ಯಂಟಿಬಯೊಟಿಕ್ ನಿರೋಧಕ ಮಾರ್ಕರ್ ಉಳಿದಿದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಆದ್ದರಿಂದ ಫಿಲ್ಟರ್ ಆದಮೇಲೆ ಪ್ರತಿ ಬ್ಯಾಚಿನಲ್ಲೂ ಜೀವಂತ ಕೋಶ ಎಣಿಕೆಯ ಡೇಟಾ ಇಟ್ಟುಕೊಳ್ಳಿ. 120 ದಿನದ ದಾರಿ ಬೇಡ ಅಂತ ತೋರಿಸುವ ಕಾಗದ ಅದೇ. ಕಳಿಸುವುದೇ ಜೀವಂತ ತಳಿ ಆಗಿದ್ದರೆ ಭಾರತದಲ್ಲಿ ಜೀನ್ ಮಾರ್ಪಡಿಸಿದ ಜೀವಿಗಳ ಕುರಿತ 1989ರ ನಿಯಮಗಳ ಪ್ರಕಾರ ರಫ್ತಿಗೂ ಅನುಮತಿ ಬೇಕು, ಅದನ್ನು ಮರೆಯಬೇಡಿ.

ಗ್ರಾಹಕರು ನಾಳೆ ಅಮೆರಿಕಕ್ಕೂ ಕೇಳಿದರೆ ಕೆನಡಾದ ಲೆಕ್ಕ ಹಿಡಿದು ಹೋಗಬೇಡಿ. ಅಲ್ಲಿ ಪಿಎಂಎನ್ (ಹೊಸ ಕೆಮಿಕಲ್‌ಗೆ ಮುಂಚೆ ಕೊಡುವ ಸೂಚನೆ) ಪರಿಶೀಲನೆಗೆ 90 ದಿನ. ಆದರೆ 2016ರ ತಿದ್ದುಪಡಿಯ ನಂತರ ಅಲ್ಲಿನ ಪರಿಸರ ಸಂಸ್ಥೆ ಇಪಿಎ ತನ್ನ ತೀರ್ಮಾನ ಹೇಳುವ ತನಕ ಸರಕು ಇಳಿಸುವ ಹಾಗಿಲ್ಲ. ಗಡುವು ದಾಟಿದರೆ ಶುಲ್ಕ ವಾಪಸ್ ಕೊಡಬೇಕು ಅಂತ ಕಾನೂನಿನಲ್ಲೇ ಇದೆ, ಆದರೆ ಶುಲ್ಕ ವಾಪಸ್ ಬಂದರೂ ಡ್ರಮ್ ಬಂದರಿನ ಈಚೆಗೇ. ಕೆನಡಾದ ಮೌನಕ್ಕೂ ಅಮೆರಿಕದ ಮೌನಕ್ಕೂ ಇಷ್ಟು ವ್ಯತ್ಯಾಸ.

ಪೀಣ್ಯ_ರಫ್ತುಡೆಸ್ಕ್

ಎಲ್ಲರಿಗೂ ಧನ್ಯವಾದ. ಇನ್ನೂ ಎರಡು ಕೇಳಬೇಕು. ಅರ್ಜಿ ಹಾಕಬೇಕಾದವರು ಯಾರು, ನಾವೋ ಗ್ರಾಹಕರೋ? ರಚನೆ ಗ್ರಾಹಕರಿಗೆ ಗೊತ್ತಾಗುವುದು ನಮಗೆ ಇಷ್ಟವಿಲ್ಲ. ಮತ್ತೆ ನಮ್ಮದು ಮೀಥೈಲ್‌ಸಲ್ಫೇಟ್ ಲವಣ, ಅದೇ ಕ್ವಾಟಿನ ಕ್ಲೋರೈಡ್ ಡಿಎಸ್‌ಎಲ್‌ನಲ್ಲಿ ಇದ್ದ ಹಾಗಿದೆ. ಅದರಿಂದ ಏನಾದರೂ ಉಪಯೋಗ ಆಗುತ್ತದೆಯೇ?

ನಿಯಮನೋಟ

ಲವಣ ಬೇರೆಯಾದರೆ ಕ್ಯಾಸ್ ನಂಬರ್ ಬೇರೆ, ಪದಾರ್ಥವೂ ಬೇರೆ. ಕ್ಲೋರೈಡ್ ಪಟ್ಟಿಯಲ್ಲಿದೆ ಎಂಬುದು ಅರ್ಜಿಯಿಂದ ಬಿಡುಗಡೆ ಕೊಡುವುದಿಲ್ಲ. ಆದರೆ ಟಾಕ್ಸಿಸಿಟಿ ಡೇಟಾಕ್ಕೆ ಅದನ್ನು ಹೋಲಿಕೆಯಾಗಿ ಬಳಸಬಹುದು, ಕ್ಯಾಟಯಾನ್ ಒಂದೇ ಆದ್ದರಿಂದ ವಾದ ಗಟ್ಟಿಯಾಗಿಯೇ ಇದೆ. ಟೆಸ್ಟ್‌ಗೆ ದುಡ್ಡು ಹಾಕುವ ಮುನ್ನ ಅರ್ಜಿಪೂರ್ವ ಸಮಾಲೋಚನೆಗೆ ಬರೆದು ಇದನ್ನೇ ಕೇಳಿ, ಆ ಸೌಲಭ್ಯ ಇದೆ. ಅದಕ್ಕೆ ಹಿಡಿಯುವ ಕಾಲ ಮಾತ್ರ 60 ದಿನದ ಲೆಕ್ಕಕ್ಕೆ ಬರುವುದಿಲ್ಲ.

ಅರ್ಜಿ ಸಾಮಾನ್ಯವಾಗಿ ಆಮದುದಾರರದು. ನೀವೇ ಹಾಕುವುದಾದರೆ ಕೆನಡಾದಲ್ಲಿ ನೆಲೆಸಿದ ಏಜೆಂಟ್ ಬೇಕು. ಆಮದುದಾರರು ಹಾಕಿದರೂ ರಚನೆ ಮತ್ತು ಕಲ್ಮಶಗಳ ವಿವರವನ್ನು ನೀವು ನೇರವಾಗಿ ಇಲಾಖೆಗೇ ಕಳಿಸಬಹುದು. ಆಗ ಎರಡೂ ಕಡತ ಸೇರುವ ತನಕ ಪ್ಯಾಕೇಜ್ ಪೂರ್ಣವಲ್ಲ. ಅವರದ್ದು ಸೋಮವಾರ ತಲುಪಿ ನಿಮ್ಮದು ಮೂರು ವಾರ ತಡವಾದರೆ ಗಡಿಯಾರವೂ ಮೂರು ವಾರ ತಡ.

ಗೋಪ್ಯತೆಯ ಕೋರಿಕೆಯನ್ನು 313ನೇ ಸೆಕ್ಷನ್ ಅಡಿ ಬರಹದಲ್ಲಿ, ಅರ್ಜಿಯ ಜೊತೆಗೇ ಕೊಡಿ. ಡಿಎಸ್‌ಎಲ್‌ನಲ್ಲಿ ಪೂರ್ಣ ಹೆಸರು ಬರಬಾರದು ಅಂದರೆ ಮರೆಮಾಡಿದ ಹೆಸರನ್ನು ನೀವೇ ಸೂಚಿಸಬೇಕು. ಮೇಲೆ ವಿನಾಯಿತಿ ಕೇಳಿ ಅಂದಿದ್ದಾರಲ್ಲ, ಅದರ ಬಗ್ಗೆ ಒಂದು ಎಚ್ಚರಿಕೆ: ವಿನಾಯಿತಿ ಸಿಕ್ಕವರ ಹೆಸರು ಮತ್ತು ಯಾವ ಬಗೆಯ ಮಾಹಿತಿಗೆ ಸಿಕ್ಕಿತು ಎಂಬುದು ಕೆನಡಾ ಗೆಜೆಟ್‌ನಲ್ಲಿ ಅಚ್ಚಾಗುತ್ತದೆ. ಪದಾರ್ಥದ ಹೆಸರು ಅದರಲ್ಲಿ ಬರದಿದ್ದರೂ, ನಿಮ್ಮ ಪ್ರತಿಸ್ಪರ್ಧಿ ಗೆಜೆಟ್ ಓದುವವನಾದರೆ ನಿಮ್ಮ ಗ್ರಾಹಕರು ಏನೋ ಹೊಸದು ತರಿಸುತ್ತಿದ್ದಾರೆ ಎಂದು ತಿಳಿಯುತ್ತದೆ.

ಪಟ್ಟಿಗೆ ಸೇರುವ ತನಕ ಬೇರೆ ಆಮದುದಾರರಿಗೂ ಪ್ರತ್ಯೇಕ ಅರ್ಜಿಯೇ. ಎರಡನೇ ಗ್ರಾಹಕರು ಸಿಕ್ಕರೆ ಅವರ 100 ಕೆಜಿ ಸೊನ್ನೆಯಿಂದ ಶುರು.

ಲ್ಯಾಬ್‌ಕೋಟು

ಕ್ಲೋರೈಡ್ ಡೇಟಾ ಹೋಲಿಸುವಾಗ ಎರಡರ ಆಲ್ಕೈಲ್ ಸರಪಳಿಯ ಹಂಚಿಕೆ ಪಕ್ಕಪಕ್ಕದಲ್ಲಿ ತೋರಿಸಿ. ಒಂದು ಸಿ12-ಸಿ14 (ಸರಪಳಿಯಲ್ಲಿ 12ರಿಂದ 14 ಇಂಗಾಲದ ಪರಮಾಣು), ಇನ್ನೊಂದು ಸಿ16-ಸಿ18 ಆಗಿದ್ದರೆ ಕ್ಯಾಟಯಾನ್ ಒಂದೇ ಅನ್ನುವ ವಾದ ನಿಲ್ಲುವುದಿಲ್ಲ.