ಟೇಬಲ್ ಫ್ಯಾನಿನ ಹೊಸ ಕಂಚಿನ ಬುಷ್: ಪಳಗಿಸುವುದು ಮತ್ತು ಎಣ್ಣೆ ಕೊಡುವುದು

ಪ್ರಶ್ನೆ: ನಮ್ಮ ಹಳೆಯ ಟೇಬಲ್ ಫ್ಯಾನಿನ ಎರಡೂ ಬುಷ್‌ಗಳು (ಮೋಟಾರಿನ ಶಾಫ್ಟ್, ಅಂದರೆ ತಿರುಗುವ ಕಂಬಿ, ಕುಳಿತು ತಿರುಗುವ ಲೋಹದ ಬಳೆಗಳು) ಸವೆದಿದ್ದರಿಂದ ಹೊಸದನ್ನು ತಂದಿದ್ದೇನೆ. ಇವು ತಾವೇ ಎಣ್ಣೆ ಬಿಡುತ್ತವೆ, ಏನೂ ಹಾಕಬೇಕಿಲ್ಲ ಎಂದು ಅಂಗಡಿಯವರು ಹೇಳಿದರು. ಪಕ್ಕದ ಮನೆಯವರು ಗ್ರೀಸ್ ತುಂಬಲು ಹೇಳುತ್ತಾರೆ. ನಮ್ಮ ತಂದೆಯವರು ಕೊಬ್ಬರಿ ಎಣ್ಣೆಯನ್ನೇ ಬಿಡುತ್ತಿದ್ದರು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೋಟಾರ್ ರಿಪೇರಿ ಮಾಡುವವರ ಉತ್ತರ: ಅಂಗಡಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಇದು ಎರಕ ಹೊಯ್ದ ಕಂಚಲ್ಲ. ಸುಮಾರು 90 ಪಾಲು ತಾಮ್ರ, 10 ಪಾಲು ತವರದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಪೂರ್ತಿ ಕರಗದಷ್ಟೇ ಕಾಯಿಸಿ ಬೆಸೆದದ್ದು. ಹೀಗಾಗಿ ಅದರ ಗಾತ್ರದ ಐದನೇ ಒಂದು ಭಾಗದಷ್ಟು ಬರೀ ಸಣ್ಣ ರಂಧ್ರಗಳಿದ್ದು, ಎಣ್ಣೆ ಇರುವುದು ಅವುಗಳೊಳಗೆ. ಶಾಫ್ಟ್ ತಿರುಗಿ ಬಿಸಿಯೇರಿದಾಗ ಎಣ್ಣೆ ಹಿಗ್ಗಿ ಹೊರಗೆ ಬರುತ್ತದೆ, ಫ್ಯಾನ್ ನಿಂತು ತಣ್ಣಗಾದಾಗ ಬಹುಪಾಲು ಮತ್ತೆ ಒಳಗೆ ಹೀರಲ್ಪಡುತ್ತದೆ. ಪ್ರತಿ ಸಲವೂ ಸ್ವಲ್ಪ ನಷ್ಟವಾಗುತ್ತದೆ. ಆ ನಷ್ಟವನ್ನು ತುಂಬಲೆಂದೇ ಬುಷ್‌ನ ಸುತ್ತ ಫೆಲ್ಟ್ (ಎಣ್ಣೆ ಹೀರಿಟ್ಟುಕೊಳ್ಳುವ ದಪ್ಪ ಬಟ್ಟೆ) ಬಳೆ ಇಟ್ಟಿರುತ್ತಾರೆ. ಫೆಲ್ಟ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ, ಎಣ್ಣೆಯಲ್ಲಿ ನೆನೆಸಿಯೇ ಕೂರಿಸಿ.

ಗ್ರೀಸ್ ಖಂಡಿತ ಬೇಡ, ಅದು ರಂಧ್ರಗಳ ಬಾಯಿ ಮುಚ್ಚುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಅದನ್ನು ನಂಬುವಂತಿಲ್ಲ. ಅಲ್ಲದೆ ಅಡುಗೆಮನೆಯ ಎಣ್ಣೆಗಳೆಲ್ಲ ಕಾಲಕ್ರಮದಲ್ಲಿ ಅಂಟಾಗುತ್ತವೆ. ನಾನು ಬಳಸುವುದು ಐಎಸ್‌ಒ ವಿಜಿ 68 ದರ್ಜೆಯ (ಇದು ಎಣ್ಣೆ ಎಷ್ಟು ಮಂದ ಎನ್ನುವ ಅಳತೆ) ಟರ್ಬೈನ್ ಎಣ್ಣೆ. ಬುಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಕಾಗದದಲ್ಲಿ ಸುತ್ತಿ ವರ್ಷಗಟ್ಟಲೆ ಇಟ್ಟಿದ್ದ ಬುಷ್ ಆಗಿದ್ದರೆ, ಎಣ್ಣೆಯನ್ನು ಕಾಗದವೇ ಕುಡಿದಿರುವ ಸಾಧ್ಯತೆ ಹೆಚ್ಚು. ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ ನೋಡಿ: ಮೈ ಬೆವರಿದಂತೆ ಎಣ್ಣೆ ಜಿನುಗದಿದ್ದರೆ, ಎಣ್ಣೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 70-80 ಡಿಗ್ರಿಯಲ್ಲಿ ಕೆಲವು ಗಂಟೆ ಬುಷ್ ಅನ್ನು ನೆನೆಸಿ, ಗುಳ್ಳೆಗಳು ನಿಂತ ಮೇಲೆ ಎಣ್ಣೆಯಲ್ಲೇ ತಣ್ಣಗಾಗಲು ಬಿಡಿ. ಎಣ್ಣೆ ಒಳಗೆ ಎಳೆಯಲ್ಪಡುವುದು ತಣ್ಣಗಾಗುವ ಹೊತ್ತಿನಲ್ಲೇ, ಆದ್ದರಿಂದ ಬಿಸಿಯಿರುವಾಗಲೇ ಹೊರತೆಗೆದರೆ ಶ್ರಮ ವ್ಯರ್ಥ.

ಲೇತ್ ಕೆಲಸದವರ ಉತ್ತರ: ಹೊಸ ಬುಷ್‌ನಲ್ಲಿ ಶಾಫ್ಟ್ ಬಿಗಿಯಾಯಿತೆಂದು ರೀಮರ್ (ತೂತು ಹಿಗ್ಗಿಸುವ ಹತಾರ) ಹಾಕುವವರನ್ನು, ಎಮರಿ ಕಾಗದದಿಂದ ಉಜ್ಜುವವರನ್ನು ಬಹಳ ನೋಡಿದ್ದೇನೆ. ಮೊಂಡಾದ ಹತಾರ ಕಂಚನ್ನು ಸವರಿ ರಂಧ್ರಗಳನ್ನು ಮುಚ್ಚುತ್ತದೆ, ಎಮರಿಯ ಕಣ ಒಳಗೆ ಸಿಕ್ಕಿಕೊಂಡು ಶಾಫ್ಟನ್ನು ತಿನ್ನುತ್ತದೆ. ಟೇಬಲ್ ಫ್ಯಾನಿನ ಬುಷ್ ಸಾಮಾನ್ಯವಾಗಿ ಹೊರಗೆ ಚೆಂಡಿನಂತೆ ಗುಂಡಾಗಿದ್ದು ಸ್ಪ್ರಿಂಗ್ ಕ್ಲಿಪ್ಪಿನಲ್ಲಿ ಕುಳಿತಿರುವುದರಿಂದ, ಬಿಗಿತಕ್ಕೆ ಹೆಚ್ಚಾಗಿ ಕಾರಣ ಅಳತೆಯಲ್ಲ, ಓರೆ. ಮೋಟಾರಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ, ನಡುನಡುವೆ ಮರದ ಹಿಡಿಯಿಂದ ಕವಚವನ್ನು ಮೆಲ್ಲಗೆ ತಟ್ಟಿ. ಬುಷ್ ತಾನೇ ನೇರಗೊಂಡು ಶಾಫ್ಟ್ ಬೆರಳಿಗೆ ಸಲೀಸಾಗಿ ತಿರುಗಬೇಕು. ಹಾಗೆ ತಿರುಗುವ ತನಕ ಕರೆಂಟು ಕೊಡಬೇಡಿ. ಹಳೆಯ ಶಾಫ್ಟಿನಲ್ಲಿ ಉಗುರಿಗೆ ತಾಗುವಂಥ ಗೆರೆಗಳಿದ್ದರೆ ಹೊಸ ಬುಷ್ ಹೆಚ್ಚು ದಿನ ಬಾಳುವುದಿಲ್ಲ.

ಮೊದಲ ದಿನ ಕಡಿಮೆ ವೇಗದಲ್ಲಿ ಒಂದು ಗಂಟೆ ಓಡಿಸಿ, ಪ್ಲಗ್ ತೆಗೆದು ತಣ್ಣಗಾದ ಮೇಲೆ ಶಾಫ್ಟಿನ ಬಳಿಯ ಕಪ್ಪು ಎಣ್ಣೆಯನ್ನು ಒರೆಸಿ, ಫೆಲ್ಟಿಗೆ ಎರಡು ಹನಿ ಕೊಡಿ. ಆರಂಭದ ಕಪ್ಪು ಸಹಜ. ಮೂರನೆಯ ದಿನವೂ ಮಿನುಗುವ ಪುಡಿ ಬಂದರೆ ಬಿಚ್ಚಿ ನೋಡಬೇಕು.

ಇನ್ನೊಬ್ಬರ ಉತ್ತರ: ಮೇಲಿನ ಸಲಹೆ ಎಣ್ಣೆ ಹೀರುವ ಕಂಚಿಗೆ ಮಾತ್ರ. ಒಳಮೈಗೆ ಬೂದು ಬಣ್ಣದ ಟೆಫ್ಲಾನ್ ಪದರವಿರುವ ಉಕ್ಕಿನ ಬುಷ್ ಬೇರೆ ಜಾತಿ. ಆರಂಭದಲ್ಲಿ ಅದರ ತೆಳು ಪದರ ಶಾಫ್ಟಿಗೆ ಅಂಟಿಕೊಳ್ಳುತ್ತದೆ. ಅದನ್ನು ಕೊಳೆಯೆಂದು ಉಜ್ಜಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆಗಳು. ಬಿಗಿತಕ್ಕೆ ಕಾರಣ ಓರೆಯೇ ಆಗಿತ್ತು. ಎರಡು ಸಲ ತಟ್ಟಿದ ಮೇಲೆ ಶಾಫ್ಟ್ ಸಡಿಲಾಯಿತು. ಫೆಲ್ಟ್ ಒಣಗಿ ರಟ್ಟಿನಂತಾಗಿತ್ತು, ಬದಲಿಸಿದ್ದೇನೆ. ಈಗ ಸ್ವಿಚ್ ಆರಿಸಿದ ಮೇಲೂ ರೆಕ್ಕೆಗಳು ಬಹಳ ಹೊತ್ತು ತಿರುಗಿ ನಿಧಾನವಾಗಿ ನಿಲ್ಲುತ್ತವೆ, ಮೊದಲು ತಕ್ಷಣ ಗಕ್ಕನೆ ನಿಲ್ಲುತ್ತಿದ್ದವು.