ವರ್ಷನ್ ಕಂಟ್ರೋಲ್ ನಾವೇ ಬರೆಯುವುದಾದರೆ ಡೇಟಾ ಹೇಗೆ ಇಡಬೇಕು?

ಪ್ರಶ್ನೆ: ನಾವು ನಾಲ್ಕು ಜನ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಪ್ರಾಜೆಕ್ಟಿಗೆ ಗಿಟ್ ತರಹದ, ಅಂದರೆ ಫೈಲುಗಳ ಹಳೆಯ ಆವೃತ್ತಿಗಳನ್ನೂ ಕಾಪಾಡುವ ಚಿಕ್ಕ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಪ್ರತಿ ಸಲ ಫೈಲ್ ಪೂರ್ತಿ ಇಟ್ಟರೆ ಜಾಗ ದಂಡ, ಬದಲಾದ ಸಾಲು ಮಾತ್ರ ಇಡೋಣ ಅನ್ನುತ್ತಾರೆ ಉಳಿದ ಮೂವರು. ನನಗೆ ಯಾಕೋ ಅನುಮಾನ. ಯಾವುದು ಸರಿ?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ. ನಾನು ತುಂಬಾ ವರ್ಷದಿಂದ ಸ್ಟೋರೇಜ್ ಕೆಲಸದಲ್ಲೇ ಇದ್ದೇನೆ. ಮೊದಲು ಪೂರ್ತಿ ಇಡಿ. ಜಾಗ ಉಳಿಸುವುದು ಆಮೇಲಿನ ಮಾತು. ಅದು ಕೆಳಗಿನ ಪದರದಲ್ಲೇ ನಡೆಯಲಿ, ಮೇಲಿನ ಕೋಡಿಗೆ ಅದರ ಸುಳಿವೂ ಬೇಡ.

1980ರ ದಶಕದ ಆರ್‌ಸಿಎಸ್ ಎಂಬ ವರ್ಷನ್ ಕಂಟ್ರೋಲ್ ನೋಡಿ. ಹೊಸ ಆವೃತ್ತಿ ಪೂರ್ತಿ ಇಡುತ್ತಿತ್ತು, ಹಳೆಯವಕ್ಕೆ ಹಿಂದಕ್ಕೆ ಹೋಗುವ ವ್ಯತ್ಯಾಸ ಮಾತ್ರ. ಜನ ಜಾಸ್ತಿ ಕೇಳುವುದು ಇವತ್ತಿನ ಪ್ರತಿಯನ್ನೇ ಅಲ್ವಾ, ಜಾಣ ಯೋಚನೆ. ಆದರೆ ಮೊಟ್ಟಮೊದಲ ಪ್ರತಿ ಬೇಕಾದರೆ ನಡುವಿನ ಒಂದೊಂದು ಮೆಟ್ಟಿಲನ್ನೂ ಇಳಿಯಬೇಕು. ಒಂದು ಮೆಟ್ಟಿಲು ಮುರಿದರೆ ಅದರ ಕೆಳಗಿನದೆಲ್ಲ ಹೋಯಿತು. 2005ರಲ್ಲಿ ಬಂದ ಮರ್ಕ್ಯುರಿಯಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇದಕ್ಕೆ ಒಂದು ದಾರಿ ಹುಡುಕಿತು: ವ್ಯತ್ಯಾಸದ ಸರಪಳಿ ತೀರಾ ಬೆಳೆದರೆ ನಡುವೆ ಒಂದು ಪೂರ್ತಿ ಪ್ರತಿ ಬರೆದುಬಿಡುತ್ತದೆ.

ಅದೇ ವರ್ಷ ಲೈನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಬೇರೆಯೇ ದಾರಿ ಹಿಡಿಯಿತು. ಫೈಲಿನಲ್ಲಿ ಏನಿದೆಯೋ ಅದರಿಂದಲೇ ಅದಕ್ಕೆ ಹೆಸರು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಫೈಲಿನಲ್ಲಿ 'ಕನ್ನಡ' ಅಂತ ಒಂದು ಪದ, ಆಮೇಲೆ ಹೊಸ ಸಾಲು. ಗಿಟ್ ಮೊದಲು ಇಂಗ್ಲಿಷ್ ಅಕ್ಷರದಲ್ಲಿ 'ಬ್ಲಾಬ್' ಎಂದು ಬರೆಯುತ್ತದೆ, ಒಂದು ಸ್ಪೇಸ್, ಒಳಗಿನದರ ಉದ್ದವಾದ 16 ಎಂಬ ಸಂಖ್ಯೆ, ಒಂದು ಸೊನ್ನೆ ಬೈಟ್. ಇದೇ ಹೆಡರ್. ಅದರ ನಂತರ ನಿಮ್ಮ ಪದ ಮತ್ತು ಹೊಸ ಸಾಲು. ಇಷ್ಟರ ಎಸ್‌ಎಚ್‌ಎ-1 (ಡೇಟಾದಿಂದ ಬೆರಳಚ್ಚಿನಂಥ ಸಂಖ್ಯೆ ತೆಗೆಯುವ ಲೆಕ್ಕ, ಇಂಥದ್ದಕ್ಕೆ ಹ್ಯಾಶ್ ಅನ್ನುತ್ತಾರೆ) ಲೆಕ್ಕ ಹಾಕಿದರೆ 20 ಬೈಟ್, ಅಂದರೆ 40 ಅಕ್ಷರದ ಹೆಸರು ಬರುತ್ತದೆ. ಮೊದಲ 2 ಅಕ್ಷರ ಫೋಲ್ಡರಿನ ಹೆಸರು, ಉಳಿದ 38 ಫೈಲಿನ ಹೆಸರು. ಒಳಗಿನದನ್ನು ಝಡ್‌ಲಿಬ್‌ನಿಂದ ಕುಗ್ಗಿಸಿ ಇಡುತ್ತದೆ. ಒಂದೇ ಫೈಲ್ ನೂರು ಕಮಿಟ್‌ನಲ್ಲಿ (ಕಮಿಟ್ ಅಂದರೆ ಪ್ರಾಜೆಕ್ಟಿನ ಆ ಹೊತ್ತಿನ ಸ್ಥಿತಿಯ ದಾಖಲೆ) ಬದಲಾಗದೆ ಇದ್ದರೂ ಡಿಸ್ಕಿನಲ್ಲಿ ಒಂದೇ ಪ್ರತಿ. ಓದುವಾಗ ಮತ್ತೆ ಲೆಕ್ಕ ಹಾಕಿ ಹೆಸರಿನ ಜೊತೆ ತಾಳೆ ನೋಡಿದರೆ ಸಾಕು, ಒಂದು ಬಿಟ್ ಕೆಟ್ಟಿದ್ದರೂ ಸಿಕ್ಕಿಬೀಳುತ್ತದೆ.

ಜಾಗದ ವಿಷಯ ಗಿಟ್‌ನಲ್ಲಿ ಪ್ಯಾಕ್ ಫೈಲ್ (ಹಲವು ಫೈಲುಗಳನ್ನು ಒಟ್ಟಿಗೆ ಕಟ್ಟಿಟ್ಟದ್ದು) ನೋಡಿಕೊಳ್ಳುತ್ತದೆ. ಹೋಲುವ ಫೈಲುಗಳನ್ನು ಅಕ್ಕಪಕ್ಕ ಕೂರಿಸಿ, 'ಅಲ್ಲಿಂದ ಇಷ್ಟು ಬೈಟ್ ನಕಲು ಮಾಡು, ಇಲ್ಲಿ ಇಷ್ಟು ಹೊಸದು ಸೇರಿಸು' ಅನ್ನುವ ಎರಡೇ ಬಗೆಯ ಆಜ್ಞೆಯಲ್ಲಿ ವ್ಯತ್ಯಾಸ ಬರೆಯುತ್ತದೆ. ಸರಪಳಿ ಮಾಮೂಲಾಗಿ 50 ಮೆಟ್ಟಿಲು ದಾಟುವುದಿಲ್ಲ. ನೀವು ಇದನ್ನು ಎರಡನೇ ಸೆಮಿಸ್ಟರಿಗೆ ಇಟ್ಟುಕೊಳ್ಳಿ.

ಪ್ರಶ್ನೆ: 'ಕನ್ನಡ' ಮೂರಕ್ಷರ ತಾನೇ? 16 ಎಲ್ಲಿಂದ ಬಂತು?

ಉತ್ತರ: ಇದು ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಕಣ್ಣಿಗೆ ಮೂರಕ್ಷರ. ಯುನಿಕೋಡ್‌ನಲ್ಲಿ (ಒಂದೊಂದು ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ಐದು: ಕ, ನ, ವಿರಾಮ (್), ನ, ಡ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಹೊಸ ಸಾಲಿಗೆ ಇನ್ನೊಂದು. ಉದ್ದವನ್ನು ಯಾವತ್ತೂ ಬೈಟ್ ಲೆಕ್ಕದಲ್ಲೇ ಬರೆಯಿರಿ. ಪೈಥಾನ್‌ನಲ್ಲಿ ಸ್ಟ್ರಿಂಗಿನ ಉದ್ದ ಕೇಳಿದರೆ ಹೊಸ ಸಾಲೂ ಸೇರಿ 6 ಅನ್ನುತ್ತದೆ. ಅದನ್ನೇ ಹೆಡರಿಗೆ ಹಾಕಿದರೆ, ಓದುವಾಗ 6 ಬೈಟ್, ಅಂದರೆ ಮೊದಲ ಎರಡು ಚಿಹ್ನೆ ('ಕ', 'ನ') ಮಾತ್ರ ಕೈಗೆ ಬರುತ್ತವೆ.

ಪ್ರಶ್ನೆ: ನಾನು ನಿಘಂಟಿನ ಕೆಲಸ ಮಾಡುವವಳು. 'ಕೊ' ಎರಡು ತರ ಟೈಪ್ ಆಗಿರುತ್ತದಲ್ಲ, ಇಡುವಾಗಲೇ ಸಾಫ್ಟ್‌ವೇರ್ ಅದನ್ನು ಒಂದೇ ತರ ಮಾಡಬಾರದಾ?

ಉತ್ತರ: ಬೇಡ ಮೇಡಂ. ನೀವು ಹೇಳುವುದು ನಿಜ. 'ಕೊ'ದ ಸ್ವರ ಒಂದೇ ಚಿಹ್ನೆಯಾಗಿಯೂ ಬರಬಹುದು, ಎತ್ವ ಮತ್ತು ದೀರ್ಘ ಕೊಂಬು ಎಂದು ಎರಡಾಗಿಯೂ ಬರಬಹುದು. ಒಂದಕ್ಕೆ 6 ಬೈಟ್, ಇನ್ನೊಂದಕ್ಕೆ 9. ನೋಡಲು ಒಂದೇ, ಹ್ಯಾಶ್ ಬೇರೆ ಬೇರೆ. ಆದರೂ ಸ್ಟೋರೇಜ್ ಒಂದು ಬೈಟನ್ನೂ ಮುಟ್ಟಬಾರದು. ಕೊಟ್ಟದ್ದನ್ನೇ ವಾಪಸ್ ಕೊಡುತ್ತದೆ ಎಂಬ ನಂಬಿಕೆ ಒಮ್ಮೆ ಹೋದರೆ ಮುಗಿಯಿತು. ಒಂದೇ ತರ ಮಾಡುವುದು ಎಡಿಟರಿನ ಕೆಲಸ, ಅಥವಾ ಕಮಿಟ್‌ಗೆ ಮುಂಚೆ ನಿಮಗೆ ತೋರಿಸಿ ಒಪ್ಪಿಗೆ ಪಡೆದು ಮಾಡುವ ಕೆಲಸ.

ಪ್ರಶ್ನೆ (ಮೊದಲಿನವರೇ): ಬರೆಯುವಾಗ ಕರೆಂಟ್ ಹೋದರೆ?

ಉತ್ತರ: ಒಂದು ಆಫೀಸಿನಲ್ಲಿ ನಾನೇ ನೋಡಿದ್ದೇನೆ. ಕರೆಂಟ್ ಬಂದ ಮೇಲೆ ಬ್ರಾಂಚ್ ಫೈಲಿನ (ಕೊನೆಯ ಕಮಿಟ್ ಯಾವುದೆಂದು ಹೇಳುವ ಫೈಲ್) ಹೆಸರು ಹಾಗೇ ಇತ್ತು, ಒಳಗೆ ಏನೂ ಇರಲಿಲ್ಲ. ಮೂರು ದಿನ ಹುಡುಕಾಟ. ಹಾಗಾಗಿ ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದನ್ನು ಡಿಸ್ಕಿಗೆ ನಿಜಕ್ಕೂ ತಲುಪಿಸುವ ಆಜ್ಞೆ), ಆಮೇಲೆ ಹೆಸರು ಬದಲಿಸಿ. ಕ್ರಮವೂ ಮುಖ್ಯ: ಮೊದಲು ಫೈಲುಗಳು, ಆಮೇಲೆ ಫೋಲ್ಡರ್ ಪಟ್ಟಿ, ಆಮೇಲೆ ಕಮಿಟ್, ಬ್ರಾಂಚ್ ಕೊನೆಗೆ. ನಡುವೆ ನಿಂತರೆ ಯಾರಿಗೂ ಬೇಡದ ನಾಲ್ಕು ಫೈಲ್ ಉಳಿಯುತ್ತವೆ, ಅಷ್ಟೇ. ಹಳೆಯ ಇತಿಹಾಸಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ನೀವು ಎಸ್‌ಎಚ್‌ಎ-1 ಬಳಸಬೇಡಿ. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆ ಮತ್ತು ಗೂಗಲ್ ಸೇರಿ, ಒಂದೇ ಎಸ್‌ಎಚ್‌ಎ-1 ಬರುವ ಎರಡು ಬೇರೆ ಪಿಡಿಎಫ್ ತೋರಿಸಿದರು. ಗಿಟ್‌ನ ಒಳಗೆಲ್ಲ 20 ಬೈಟ್ ಎಂಬ ಲೆಕ್ಕ ಬೇರೂರಿತ್ತು. ಎಸ್‌ಎಚ್‌ಎ-256 ಎಂಬ ಇನ್ನೂ ಉದ್ದದ ಹ್ಯಾಶ್ ಅದರಲ್ಲಿ ಪ್ರಯೋಗಕ್ಕೆಂದು ಬಂದದ್ದೇ 2020ರಲ್ಲಿ. ನಿಮ್ಮ ರೆಪೊಸಿಟರಿಯಲ್ಲಿ (ಎಲ್ಲ ಆವೃತ್ತಿಗಳನ್ನು ಇಡುವ ಜಾಗ) ಫಾರ್ಮ್ಯಾಟಿನ ಸಂಖ್ಯೆಯನ್ನೂ ಯಾವ ಹ್ಯಾಶ್ ಎಂಬುದನ್ನೂ ಮೊದಲ ದಿನವೇ ಬರೆದಿಡಿ.

ಪ್ರಶ್ನಿಸಿದವರು: ಇವತ್ತೇ ಹೆಡರ್ ಬದಲಿಸುತ್ತೇವೆ ಸರ್. ನಾವೂ ಸ್ಟ್ರಿಂಗಿನ ಉದ್ದವನ್ನೇ ಹಾಕಿದ್ದೆವು.